ಕೆಂಪು ಶಾಯಿಯ ಹಿತ್ತಲು

ನಮ್ಮ ಕಚೇರಿಯಲ್ಲಿ ನಡೆಯುವುದು ಎರಡೇ ಶಾಯಿ. ಕಟ್ಟಡ ಕಟ್ಟಿದ ದಿನದಿಂದ ಇರುವುದಕ್ಕೆ ಕಪ್ಪು, ಆಮೇಲೆ ಬಂದು ಸೇರಿಕೊಂಡದ್ದಕ್ಕೆ ಕೆಂಪು. ಕಪ್ಪು ಬಿದ್ದದ್ದನ್ನು ಯಾರೂ ಮುಟ್ಟುವಂತಿಲ್ಲ. ಕೆಂಪು ಬಿದ್ದದ್ದು ದುರಸ್ತಿಯ ದಿನ ಹೋಗಬೇಕು. ಹಳೆಯ ಕೊಟ್ಟಿಗೆ, ಕಣಜ, ಹುಲ್ಲಿನ ಅಟ್ಟ, ಹೀಗೆ ಬೇಸಾಯದ ಮಂದಿ ಕಟ್ಟಿ, ತಲೆಮಾರುಗಟ್ಟಲೆ ಬಳಸಿ, ಈಗ ಬಿದ್ದರೆ ಬೀಳಲಿ ಎಂದು ಬಿಟ್ಟ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಕಚೇರಿಯಲ್ಲಿ ನನ್ನ ಹೆಸರು ಹೇಳಿದರೆ ಜವಾನನೂ ಒಂದು ನಿಮಿಷ ಯೋಚಿಸುತ್ತಾನೆ. ಟೇಪಮ್ಮ ಎಂದರೆ ತಕ್ಷಣ ನನ್ನ ಮೇಜು ತೋರಿಸುತ್ತಾನೆ. ಸೊಂಟಕ್ಕೆ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡಿರುವುದಕ್ಕೆ ಬಿದ್ದ ಹೆಸರು. ನನಗೇನೂ ಬೇಸರವಿಲ್ಲ. ‘ಸುಮಾರು’, ‘ಅಂದಾಜು’ ಎನ್ನುವ ಮಾತು ಕಿವಿಗೆ ಬಿದ್ದರೆ ಮಾತ್ರ ಪಿತ್ತ ನೆತ್ತಿಗೇರುತ್ತದೆ. ಅಂಗುಲ ಅಂಗುಲ ಅಳೆದು ಬರೆಯುವವಳು ತಪ್ಪು ಮಾಡುವುದಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ದೊಡ್ಡಮ್ಮನ ಮನೆಯ ಕೊಟ್ಟಿಗೆ ನನ್ನ ಪಾಲಿಗೆ ಬಂತು. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಅಮ್ಮ ಬೇಗ ಹೋಗಿಬಿಟ್ಟಳು. ಆಮೇಲೆ ರಜೆ ಬಂದರೆ ನಾನು ಇರುತ್ತಿದ್ದದ್ದೆಲ್ಲ ಆ ಮನೆಯಲ್ಲೇ. ಆ ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲಿನ ಮೇಲೆ ಬಿದ್ದು ಹೊರಳಾಡಿದವಳಿಗೆ ಅದನ್ನೇ ಸರ್ಕಾರಿ ಕಾಗದದ ಮೇಲೆ ಬರೆಯುವ ಭಾಗ್ಯ ಬಂದಾಗ ಸಹಜವಾಗಿಯೇ ತಲೆ ಸ್ವಲ್ಪ ತಿರುಗಿತ್ತು. ಅರವತ್ತೊಂದು ಅಡಿ ನಾಲ್ಕು ಅಂಗುಲ ಉದ್ದ. ಮಣ್ಣಿನ ಗಾರೆಯಲ್ಲಿ ಕೂರಿಸಿದ ಕಲ್ಲಿನ ಗೋಡೆ, ಕೆಳಗೆ ದನ, ಮೇಲೆ ಹುಲ್ಲು, ಒಂದು ತುದಿಗೆ ಕಾಳಿನ ಕೋಣೆ. ಬಾಗಿಲ ಮೇಲಿನ ತೊಲೆಯಲ್ಲಿ ಕಟ್ಟಿದ ವರ್ಷ ಕೆತ್ತಿದ್ದರು. ಆ ಲೆಕ್ಕದಲ್ಲಿ ಅದಕ್ಕೆ ಆಗಲೇ ನೂರ ಹತ್ತು ವರ್ಷ. ನಾನು ಟೇಪಿನ ಒಂದು ತುದಿ ಹಿಡಿದು ನಡೆದರೆ ಇನ್ನೊಂದು ತುದಿಯನ್ನು ದೊಡ್ಡಮ್ಮ ಗೋಡೆಗೆ ಒತ್ತಿ ಹಿಡಿಯುತ್ತಿದ್ದಳು. ಎರಡು ದಿನ ಅಡುಗೆಮನೆಯನ್ನೂ ಮರೆತು ನನ್ನ ಹಿಂದೆ ಸುತ್ತಿದಳು.

ಬಿಸಿಲು ಬೀಳುವ ಕಡೆಯ ಗೋಡೆಯಲ್ಲಿ ಒಂದು ವಿಚಿತ್ರವಿತ್ತು. ಮೂಲೆಯಿಂದ ನೆಟ್ಟಗೆ ಬಂದ ಗೋಡೆ ಮೂರನೇ ಕಿಟಕಿಯ ಹತ್ತಿರ ಒಂದೂವರೆ ಅಡಿ ಒಳಕ್ಕೆ ಸರಿದು, ಹನ್ನೊಂದು ಅಡಿ ಹಾಗೇ ಸಾಗಿ, ಮತ್ತೆ ಹೊರಕ್ಕೆ ಬಂದು ಮೊದಲಿನ ಸಾಲು ಹಿಡಿದಿತ್ತು. ಅದಕ್ಕೆ ಕಾರಣವೇ ಕಾಣಲಿಲ್ಲ. ಒಳಗಿನಿಂದ ನೋಡಿದರೆ ಆ ಸೊಟ್ಟದಿಂದ ಒಂದು ದನ ಕಟ್ಟುವ ಜಾಗ ದಂಡವಾಗಿತ್ತು. ಆ ದಿನ ಮೇಸ್ತ್ರಿ ಏನು ಕುಡಿದು ಬಂದಿದ್ದನೋ ಎಂದು ನಾನೂ ದೊಡ್ಡಮ್ಮನೂ ನಕ್ಕೆವು. ‘ಕಟ್ಟುವಾಗಿನ ದೋಷ’ ಎಂದು ಬರೆದುಕೊಂಡೆ.

ಆ ಗೋಡೆಗೆ ತಾಗಿಕೊಂಡೇ ದೊಡ್ಡಮ್ಮನ ಹಿತ್ತಲು. ಗೋಡೆಯುದ್ದಕ್ಕೂ ಒಂಬತ್ತು ಮಡಿ, ಕೂತ ಕಡೆಯಿಂದ ಕೈ ಚಾಚಿದರೆ ನಡುವಿನ ಕಳೆ ಸಿಗುವಷ್ಟು ಅಗಲ. ಬೆಳ್ಳುಳ್ಳಿ, ಮೂಲಂಗಿ, ಪುದೀನ, ಕುಂಬಳ, ಮನೆಗೆ ಬೇಕಾದ ಸೊಪ್ಪು. ಗೋಡೆ ಒಳಕ್ಕೆ ಸರಿದ ಜಾಗದಲ್ಲಿ ಕೋಲು ನೆಟ್ಟು ಹಬ್ಬಿಸಿದ ಹುರುಳಿಕಾಯಿ. ಹಗಲು ಕಾದ ಕಲ್ಲು, ಒಳಗೆ ಮಲಗಿದ ದನಗಳ ಶಾಖ, ಎರಡೂ ಸೇರಿ ಆ ಮಣ್ಣು ಚಳಿಯಲ್ಲೂ ಬೆಚ್ಚಗಿರುತ್ತಿತ್ತು. ಊರಿನಲ್ಲಿ ಎಲ್ಲರಿಗಿಂತ ಇಪ್ಪತ್ತು ದಿನ ಮೊದಲು ಹುರುಳಿಕಾಯಿ ಕೀಳುತ್ತಿದ್ದದ್ದು ದೊಡ್ಡಮ್ಮ. ಕೊಟ್ಟಿಗೆ ತೊಳೆದ ನೀರು ಗೋಡೆಯ ಬುಡದ ಮೋರಿಯಿಂದ ನೇರವಾಗಿ ಮಡಿಗಳಿಗೆ ಹರಿಯುತ್ತಿತ್ತು. ನಾನು ಆ ಮೋರಿಯನ್ನು ಕಪ್ಪು ಶಾಯಿಯಲ್ಲಿ ಒಳಗಿನಿಂದ ಬರೆದುಕೊಂಡು ಬಂದು, ಗೋಡೆ ದಾಟಿದ ಕೂಡಲೇ ಗೆರೆ ನಿಲ್ಲಿಸಿದೆ. ಅಲ್ಲಿಂದಾಚೆ ಇರುವುದು ಗಿಡ, ಗಿಡ ಕಟ್ಟಡವಲ್ಲ.

ನಮ್ಮ ಅಳತೆಯ ನಮೂನೆಯಲ್ಲಿ ‘ಮನೆಯವರ ಹೇಳಿಕೆ’ ಎಂದು ಒಂದು ಭಾಗವಿದೆ. ಗೋಡೆಯ ಪಕ್ಕದಲ್ಲಿ ಇರುವುದೇನು, ಯಾವಾಗ ಬಂತು, ಯಾರು ಮಾಡಿದರು ಎಂದು ಕೇಳಿ ಬರೆಯಬೇಕು. ಹಿತ್ತಲ ವಿಷಯ ಕೇಳಿದೆ. ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಬರ್ಕೋ. ನಾನು ಈ ಮನೆಗೆ ಬಂದಾಗ ಇಲ್ಲಿ ಮುಳ್ಳು ಬಿಟ್ರೆ ಇನ್ನೇನೂ ಇರ್ಲಿಲ್ಲ. ಇದು ಪೂರ್ತಿ ನನ್ನ ಕೈಯಿಂದ ಆಗಿದ್ದು.”

ಒಂದಕ್ಷರ ಬಿಡದೆ ಬರೆದೆ. ಅವಳು ಸಹಿ ಹಾಕಿದಳು. ನಮ್ಮ ಕಡತಗಳಲ್ಲಿ ಮೇಸ್ತ್ರಿಗಳಿದ್ದಾರೆ, ಬಡಗಿಗಳಿದ್ದಾರೆ, ಯಜಮಾನರಿದ್ದಾರೆ. ಹೆಂಗಸು ಮಾಡಿದ್ದೆಂದು ಯಾವುದನ್ನೂ ಯಾರೂ ಬರೆದದ್ದನ್ನು ನಾನು ಕಂಡಿರಲಿಲ್ಲ. ನನ್ನ ದೊಡ್ಡಮ್ಮನ ಕೆಲಸ ಸರ್ಕಾರದ ಕಾಗದದಲ್ಲಿ ಸೇರಿತು ಎಂದು ಹಿಗ್ಗಿ, ಆ ಸಾಲಿನ ಕೆಳಗೆ ಒಂದು ಗೆರೆಯನ್ನೂ ಎಳೆದೆ. ಆಮೇಲೆ ನಕ್ಷೆಗೆ ಬಂದು ಒಂಬತ್ತು ಮಡಿಗೂ ಕೆಂಪು ತುಂಬಿದೆ. ಕೆಂಪು ಎಂದರೆ ಏನೆಂದು ನನಗೆ ಗೊತ್ತಿತ್ತು. ಆದರೆ ಆಗೆಲ್ಲ ನಾವು ಅಳೆದ ನೂರು ಕಟ್ಟಡದಲ್ಲಿ ಒಂದು ದುರಸ್ತಿಯಾದರೆ ಹೆಚ್ಚು. ಕಪಾಟಿಗೆ ಹೋಗುವ ಕಾಗದದಲ್ಲಿ ಯಾವ ಬಣ್ಣವಿದ್ದರೇನು ಎಂದುಕೊಂಡೆ.

ಇಪ್ಪತ್ತೆರಡು ವರ್ಷ ಕಳೆಯಿತು. ದೊಡ್ಡಪ್ಪ ತೀರಿಕೊಂಡರು. ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, ಹತ್ತು ದನ ಮಾರಿ ಎರಡು ಉಳಿಸಿಕೊಂಡ. ಕೊಟ್ಟಿಗೆಯ ಹೆಂಚು ಜಾರಿ, ತೊಲೆಗೆ ನೀರು ಇಳಿದು, ಅಟ್ಟದ ಒಂದು ಮೂಲೆ ಕುಸಿಯಿತು. ಸರಿಮಾಡಿಸಿ ಕೊಡಿ ಎಂದು ಅಣ್ಣ ನಮ್ಮ ಕಚೇರಿಗೆ ಬರೆದ. ಬರೆಯಲು ಹೇಳಿದವಳೂ ನಾನೇ. ಆ ವರ್ಷ ಆರಿಸಿದ ಆರು ಕಟ್ಟಡಗಳಲ್ಲಿ ಅದೂ ಒಂದಾಯಿತು. ದುರಸ್ತಿ ಮಾಡಿ, ಬೇಸಾಯದ ಮನೆತನಗಳು ಹೇಗೆ ಕಟ್ಟಿಕೊಂಡು ಬದುಕಿದವು ಎಂದು ಬಂದವರಿಗೆ ತೋರಿಸುವುದು ಎಂದು ತೀರ್ಮಾನವಾಯಿತು. ಅಣ್ಣ, ಅತ್ತಿಗೆ ಇಬ್ಬರೂ ಸಂತೋಷದಿಂದ ಸಹಿ ಹಾಕಿದರು. ದೊಡ್ಡಮ್ಮ ನನಗೆ ಒಂದು ಬುಟ್ಟಿ ಹುರುಳಿಕಾಯಿ ಕಳಿಸಿದಳು.

ಆ ಬುಟ್ಟಿ ಖಾಲಿಯಾಗುವ ಮೊದಲೇ ಹೊಸ ಇಂಜಿನಿಯರ್ ನನ್ನನ್ನು ಕರೆದ. ಸಣ್ಣ ವಯಸ್ಸು, ಮಾತು ಮಾತಿಗೂ ಮೇಡಂ ಎನ್ನುವವನು. ಅವನ ಮೇಜಿನ ಮೇಲೆ ನನ್ನದೇ ನಕ್ಷೆ ಹಾಸಿತ್ತು. ಇಷ್ಟು ಚೊಕ್ಕಟವಾದ ನಕ್ಷೆ ತಾನು ಕಂಡೇ ಇಲ್ಲ ಎಂದು ಹೊಗಳಿ, ಕೆಂಪು ತುಂಬಿದ ಒಂಬತ್ತು ಮಡಿಗಳ ಮೇಲೆ ಬೆರಳು ಇಟ್ಟ. ಗೋಡೆಯಿಂದ ಎಂಟು ಅಡಿಯೊಳಗೆ ಇರುವ ಕೆಂಪೆಲ್ಲ ತೆಗೆಯಬೇಕು. ನೀರು ಹಾಕಿ ಹಾಕಿ ಗೋಡೆಯ ಬುಡದ ಮಣ್ಣಿನ ಗಾರೆ ಮೆತ್ತಗಾಗಿದೆ. ಅಗೆದು, ಒಣಗಿಸಿ, ಜಲ್ಲಿ ತುಂಬದಿದ್ದರೆ ಮೇಲೆ ಎಷ್ಟು ಹೆಂಚು ಹೊದಿಸಿದರೂ ಪ್ರಯೋಜನವಿಲ್ಲ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಗೋಡೆಯಿಂದ ಎಂಟು ಅಡಿ ಬಿಟ್ಟರೆ ಅಲ್ಲಿ ಉಳಿಯುವುದು ಬೇಲಿ, ಬೇಲಿಯ ಆಚೆಗೆ ದಾರಿ. ಮನೆಯ ಉಳಿದ ಮೂರು ಕಡೆಯಲ್ಲಿ ಒಂದು ಕಡೆ ಬಂಡೆ, ಎರಡು ಕಡೆ ಇಡೀ ದಿನ ನೆರಳು. ಹಿತ್ತಲನ್ನು ಎತ್ತಿಕೊಂಡು ಹೋಗಿ ಇಡಲು ಜಾಗವೇ ಇರಲಿಲ್ಲ.

ವಿಷಯ ತಿಳಿಸಲು ನಾನೇ ಹೋದೆ. ದೊಡ್ಡಮ್ಮ ಬಳ್ಳಿಯನ್ನು ಕೋಲಿಗೆ ಕಟ್ಟುತ್ತಿದ್ದಳು. ಎಂಬತ್ತು ಹತ್ತಿರವಾಗಿದ್ದರೂ ಬೆರಳುಗಳು ಗಂಟು ಹಾಕುವುದನ್ನು ಮರೆತಿರಲಿಲ್ಲ. ಹೇಳಿದ್ದನ್ನು ಪೂರ್ತಿ ಕೇಳಿ ನಕ್ಕಳು. ಬರೆದವಳು ನಮ್ಮ ಹುಡುಗಿ, ತಿದ್ದುವವಳೂ ನಮ್ಮ ಹುಡುಗಿ, ಅದಕ್ಕೇಕೆ ಮುಖ ಇಷ್ಟು ಸಣ್ಣ ಮಾಡಿಕೊಂಡು ಬಂದಿದ್ದೀಯ ಎಂದು ನನ್ನನ್ನೇ ಸಮಾಧಾನ ಮಾಡಿದಳು. ಶಾಯಿ ಅಷ್ಟು ಸುಲಭಕ್ಕೆ ತಿದ್ದಲು ಬರುವುದಿಲ್ಲ ಎಂದೆ. ಹಿತ್ತಲು ಕೊಟ್ಟಿಗೆಯಷ್ಟೇ ಹಳೆಯದು ಎಂದು ತೋರಿಸಿದರೆ ಮಾತ್ರ ಅದಕ್ಕೆ ಕಪ್ಪು ಬೀಳುತ್ತದೆ. ಕಪ್ಪು ಬಿದ್ದರೆ ಇಲಾಖೆಯೂ ಮುಟ್ಟುವಂತಿಲ್ಲ, ಗೋಡೆ ಉಳಿಸಲು ಬೇರೆ ದಾರಿ ಹುಡುಕಬೇಕು. ಆದರೆ ಅವಳೇ ಸಹಿ ಹಾಕಿದ್ದಾಳಲ್ಲ, ತಾನು ಬರುವ ಮುಂಚೆ ಮುಳ್ಳು ಬಿಟ್ಟು ಬೇರೇನೂ ಇರಲಿಲ್ಲವೆಂದು.

ದೊಡ್ಡಮ್ಮನ ಕೈ ನಿಂತಿತು. ಬಳ್ಳಿ ಬಿಟ್ಟು ಒಳಗೆ ಹೋದಳು. ನನಗೆ ಊಟಕ್ಕೆ ಬಡಿಸಿದಳು, ಅತ್ತಿಗೆಯನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿದಳು, ಕೈ ತೊಳೆದ ಮೇಲೂ ಬಹಳ ಹೊತ್ತು ತೊಳೆಯುತ್ತಲೇ ನಿಂತಿದ್ದಳು.

“ಸುಳ್ಳು ಹೇಳಿದ್ದೆ ಕಣೇ,” ಎಂದಳು. “ಹಿತ್ತಲು ನಮ್ಮತ್ತೇದು.”

ದೊಡ್ಡಮ್ಮನ ಅತ್ತೆಯನ್ನು ನಾನು ಕಂಡಿಲ್ಲ. ಆ ಮನೆಯಲ್ಲಿ ಅವರ ಹೆಸರೆತ್ತುವ ರೂಢಿಯೂ ಇರಲಿಲ್ಲ. ಆ ಮಧ್ಯಾಹ್ನ ಕೇಳಿದೆ. ಹೊಸದಾಗಿ ಬಂದ ಸೊಸೆಗೆ ಆಕೆ ಕೊಟ್ಟದ್ದು ಮೋರಿಯ ಬಾಯಲ್ಲಿರುವ ಒಂದೇ ಒಂದು ಮಡಿ. ಉಳಿದ ಎಂಟಕ್ಕೆ ಕಾಲಿಡುವಂತಿರಲಿಲ್ಲ. ಹನ್ನೊಂದು ವರ್ಷ ಹಾಗೆ. ಅಷ್ಟು ವರ್ಷವೂ ಅಡುಗೆಗೆ ಏನು ಬೇಕೆಂದರೂ ಕೇಳಿ ಪಡೆಯಬೇಕು, ಆಕೆ ಎಣಿಸಿ ಕಿತ್ತು ಕೊಡಬೇಕು. ಹುರುಳಿಕಾಯಿಯ ಬೀಜ ಎಲ್ಲಿಡುತ್ತೇನೆಂದು ಕೂಡ ಹೇಳಲಿಲ್ಲ. ಆಕೆ ಹೋದ ಮೇಲೆ ದೊಡ್ಡಮ್ಮ ಹೊಟ್ಟೆಯ ಉರಿಗೆ ಒಂಬತ್ತೂ ಮಡಿಯನ್ನು ಬುಡಮೇಲು ಮಾಡಿದಳು. ಗುಲಾಬಿ ಕಿತ್ತಳು, ಪುದೀನ ಇದ್ದಲ್ಲಿ ಮೂಲಂಗಿ ಹಾಕಿದಳು. ಬೀಜ ಮಾತ್ರ ಕಾಳಿನ ಕೋಣೆಯ ಮೂಲೆಯಲ್ಲಿ ಬೂದಿ ತುಂಬಿದ ಮಡಕೆಯಲ್ಲಿ ಸಿಕ್ಕಿತು, ಅದನ್ನು ಎಸೆಯಲು ಮನಸ್ಸು ಬರಲಿಲ್ಲ. ಅಂದಿನಿಂದ ಬಂದವರಿಗೆ, ಹೋದವರಿಗೆ, ಸ್ವಂತ ಮಗನಿಗೆ, ಸೊಸೆಗೆ, ನನಗೆ, ಎಲ್ಲರಿಗೂ ಇದು ನನ್ನ ಕೈಯಿಂದ ಆಗಿದ್ದು ಎಂದೇ ಹೇಳಿಕೊಂಡು ಬಂದಳು. ಅತ್ತೆಯೂ ಹಾಗೇ ಹೇಳುತ್ತಿದ್ದರಂತೆ, ತಾನು ಬರುವ ಮುಂಚೆ ಇಲ್ಲಿ ಮುಳ್ಳು ಬಿಟ್ಟರೆ ಏನೂ ಇರಲಿಲ್ಲ ಎಂದು. ಅವರ ಅತ್ತೆ ಏನು ಹೇಳುತ್ತಿದ್ದರೋ ಯಾರಿಗೆ ಗೊತ್ತು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗೋಡೆಗೆ ತೊಲೆಯ ಮೇಲೆ ವರ್ಷ ಕೆತ್ತುತ್ತಾರೆ. ಮಡಿಗೆ ಯಾರು ಕೆತ್ತುತ್ತಾರೆ? ಪ್ರತಿಯೊಬ್ಬ ಸೊಸೆಯೂ ಹಿಂದಿನವಳನ್ನು ಅಳಿಸಿ ತನ್ನ ಹೆಸರು ಹೇಳಿಕೊಂಡಿದ್ದಳು, ಕೊನೆಯವಳದ್ದನ್ನು ನಾನು ಶಾಯಿಯಲ್ಲಿ ಬರೆದಿದ್ದೆ.

ಇದನ್ನೆಲ್ಲ ಮುಖ್ಯಾಧಿಕಾರಿಯ ಮುಂದೆ ಬಂದು ನೀನೇ ಹೇಳಬೇಕಾಗುತ್ತದೆ ಎಂದೆ. ದೊಡ್ಡಮ್ಮ ಊಟದ ತಟ್ಟೆ ಎತ್ತಿಕೊಂಡು ಹೋದಳು. ನಲವತ್ತು ವರ್ಷ ತಲೆಯೆತ್ತಿಕೊಂಡು ಹೇಳಿದ್ದನ್ನು ಮಗ ಸೊಸೆಯ ಎದುರಿಗೆ, ಊರ ಹೊರಗಿನವರ ಎದುರಿಗೆ ಉಗುಳು ನುಂಗಿ ಹಿಂದಕ್ಕೆ ತೆಗೆದುಕೊಳ್ಳಬೇಕು; ಅದೂ ಆ ಅತ್ತೆಗೆ ಒಪ್ಪಿಸಬೇಕು. ಮರುದಿನ ಅಣ್ಣನಿಂದ ಫೋನ್ ಮಾಡಿಸಿ, ಬರುತ್ತೇನೆ ಎಂದಳು.

ಬಂದ ದಿನ ಒಗೆದು ಮಡಿಚಿಟ್ಟ ಬಟ್ಟೆ ಉಟ್ಟಿದ್ದಳು. ಕೈಯಲ್ಲಿ ಒಂದು ತಗಡಿನ ಡಬ್ಬಿ, ಅದರ ತುಂಬ ಬೂದಿ, ಬೂದಿಯೊಳಗೆ ಹುರುಳಿಕಾಯಿಯ ಬೀಜ. ಸಾಕ್ಷಿ ಎಂದು ತಂದಿದ್ದಳು, ಪಾಪ. ಒಂದು ಕಡೆ ಅಣ್ಣ ಅತ್ತಿಗೆ, ಇನ್ನೊಂದು ಕಡೆ ನಾನು, ಎದುರಿಗೆ ಇಂಜಿನಿಯರ್ ಮತ್ತು ಮುಖ್ಯಾಧಿಕಾರಿ. ಮುಖ್ಯಾಧಿಕಾರಿ ಒಳ್ಳೆಯವರು, ನಿವೃತ್ತಿಗೆ ಎರಡು ವರ್ಷ ಇರುವವರು, ಮಾತಾಡುವ ಮುಂಚೆ ಕನ್ನಡಕ ತೆಗೆದು ಒರೆಸುವವರು. ದೊಡ್ಡಮ್ಮ ನಿಂತುಕೊಂಡೇ ಎಲ್ಲ ಹೇಳಿದಳು. ಒಂದೇ ಮಡಿ ಕೊಟ್ಟದ್ದು, ಎಣಿಸಿ ಕೊಡುತ್ತಿದ್ದದ್ದು, ತಾನು ಕಿತ್ತುಹಾಕಿದ್ದು, ಸುಳ್ಳು ಹೇಳಿದ್ದು. ಅತ್ತಿಗೆ ನೆಲ ನೋಡುತ್ತಿದ್ದಳು. ಅಣ್ಣ ಬಾಯಿ ಬಿಟ್ಟುಕೊಂಡು ತಾಯಿಯನ್ನು ನೋಡುತ್ತಿದ್ದ. ಕೊನೆಗೆ ದೊಡ್ಡಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಈ ಬೀಜದ ತಳಿ ನಮ್ಮತ್ತೆ ಕಾಪಾಡಿ ಇಟ್ಟದ್ದು, ಅವರಿಗಿಂತ ಮುಂಚೆ ಯಾರು ಇಟ್ಟಿದ್ದರೋ ನನಗೆ ಗೊತ್ತಿಲ್ಲ ಎಂದಳು.

ಮುಖ್ಯಾಧಿಕಾರಿ ಕನ್ನಡಕ ಒರೆಸಿ ಹಾಕಿಕೊಂಡು ಕಡತದ ಹಾಳೆ ತಿರುಗಿಸಿದರು. ನನ್ನ ಕೈಬರಹ, ಕೆಳಗೆ ನಾನೇ ಎಳೆದ ಗೆರೆ. ಮೆಲ್ಲಗೆ ಓದಿದರು, ಪ್ರತಿ ಮಾತನ್ನೂ. ಆಮೇಲೆ ಕಾಗದವನ್ನು ಅವಳ ಕಡೆ ತಿರುಗಿಸಿ, ಈ ಸಹಿ ನಿಮ್ಮದೇನಾ ಎಂದು ಕೇಳಿದರು.

“ನಂದೇ,” ಎಂದಳು ದೊಡ್ಡಮ್ಮ. “ಆಗ ಕೈ ನಡುಗ್ತಿರ್ಲಿಲ್ಲ.”

ನಾನು ಎದ್ದು ನಿಂತೆ. ತಪ್ಪು ನನ್ನದು, ಹೇಳಿದ್ದನ್ನು ಪರೀಕ್ಷೆ ಮಾಡದೆ ಬರೆದೆ, ಅಕ್ಕಪಕ್ಕದವರನ್ನು ಕೇಳಲಿಲ್ಲ ಎಂದೆ. ಮುಖ್ಯಾಧಿಕಾರಿ ನನ್ನನ್ನು ಕರುಣೆಯಿಂದ ನೋಡಿದರು. ಎರಡು ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದನ್ನು ನಂಬಬೇಕೆಂದು ಹೊಸದಾಗಿ ಸೇರಿದವರಿಗೆ ಪಾಠ ಮಾಡುವುದು ನೀವೇ ಅಲ್ಲವೇ ಎಂದು ಕೇಳಿದರು. ಹೌದು, ನಾನೇ. ಕಳೆದುಕೊಳ್ಳುವುದು ಏನೂ ಇಲ್ಲದಾಗ ಕೊಟ್ಟ ಹೇಳಿಕೆಯನ್ನು ನಂಬಿ, ಕಳೆದುಕೊಳ್ಳುವ ಭಯ ಹುಟ್ಟಿದ ಮೇಲೆ ಕೊಟ್ಟದ್ದನ್ನು ನಂಬಬೇಡಿ. ಹತ್ತು ವರ್ಷದಿಂದ ಅದೇ ಪಾಠ, ಅದೇ ಮಾತಿನಲ್ಲಿ. ದೊಡ್ಡಮ್ಮ ಡಬ್ಬಿ ತೆಗೆದುಕೊಂಡು, ಮೇಜಿನ ಮೇಲೆ ಚೆಲ್ಲಿದ್ದ ಬೂದಿಯನ್ನು ಅಂಗೈಯಿಂದ ಒರೆಸಿ, ಎಲ್ಲರಿಗೂ ಕೈಮುಗಿದು ಹೊರಟಳು.

ಹದಿನೈದು ದಿನ ಸಮಯ ಕೊಟ್ಟರು. ಅತ್ತಿಗೆ ಸಿಕ್ಕ ಕುಂಡ, ಬಕೆಟ್ಟು, ಒಡೆದ ಮಡಕೆಗಳಲ್ಲೆಲ್ಲ ಮಣ್ಣು ತುಂಬಿ ಪುದೀನ, ಬೆಳ್ಳುಳ್ಳಿ ನೆಟ್ಟಳು. ಇಷ್ಟು ವರ್ಷ ಆ ಹಿತ್ತಲಲ್ಲಿ ಅವಳದೂ ಮೋರಿಯ ಬಾಯಿಯ ಒಂದೇ ಮಡಿ ಎಂಬುದು ನನಗೆ ಆಗ ತಿಳಿಯಿತು. ದೊಡ್ಡಮ್ಮ ಆ ಹದಿನೈದು ದಿನವೂ ಎಂದಿನ ಹಾಗೆ ನೀರು ಹಾಕಿದಳು, ಕಳೆ ಕಿತ್ತಳು. ನಾನು ಮೂವರು ಮೇಲಧಿಕಾರಿಗಳನ್ನು ಕಂಡೆ, ಇನ್ನಿಬ್ಬರಿಗೆ ಬರೆದೆ. ಕಂಡವರೆಲ್ಲ ಕುರ್ಚಿ ಕೊಟ್ಟು ಕೂರಿಸಿ, ನಿಮ್ಮ ಕೆಲಸದ ಮೇಲೆ ನಮಗೆ ಬಹಳ ಗೌರವ, ಅದಕ್ಕೇ ನಿಮ್ಮ ನಕ್ಷೆಯನ್ನು ಬದಲಾಯಿಸುವುದಿಲ್ಲ ಎಂದರು.

ಅಗೆಯುವ ದಿನ ನಾನೂ ಅಲ್ಲಿರಬೇಕಿತ್ತು. ಕೆಂಪು ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸುವುದು ನಕ್ಷೆ ಬರೆದವರ ಕೆಲಸ. ಬೆಳಿಗ್ಗೆ ಎಂಟಕ್ಕೆ ನಾಲ್ವರು ಕೆಲಸದವರು ಗುದ್ದಲಿ ಹಿಡಿದು ಬಂದರು. ಒಂದು ಕೊನೆಯ ಕೊಯ್ಲು ಮಾಡಿಕೊಳ್ಳಿ ಎಂದು ಇಂಜಿನಿಯರ್ ಹೇಳಿದ. ದೊಡ್ಡಮ್ಮ ಬೇಡವೆಂದಳು. ಹೂ ಬಿಟ್ಟಿದ್ದ ಹುರುಳಿಕಾಯಿ ಬಳ್ಳಿ ಕೋಲಿನ ಸಮೇತ ಬಂತು. ಹತ್ತು ಗಂಟೆಯೊಳಗೆ ಮೇಲಿನ ಹಸಿರೆಲ್ಲ ಬೇಲಿಯ ಪಕ್ಕ ರಾಶಿಯಾಗಿತ್ತು. ಕಪ್ಪು ಮಣ್ಣು ಅಷ್ಟು ಆಳದವರೆಗೂ ಇದ್ದದ್ದನ್ನು ಕಂಡು ಕೆಲಸದವರೇ ಬೆರಗಾದರು. ಮೊಣಕಾಲುದ್ದ ಅಗೆದರೂ ಕೆಳಗಿನ ಕೆಂಪು ನೆಲ ಸಿಗಲಿಲ್ಲ. ಎಷ್ಟು ಗೊಬ್ಬರ, ಎಷ್ಟು ಬೂದಿ, ಎಷ್ಟು ಕೈ ಬಿದ್ದಿರಬೇಕು ಎಂದು ನಾನು ಅಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ. ಆ ಲೆಕ್ಕವನ್ನು ಇಪ್ಪತ್ತೆರಡು ವರ್ಷದ ಹಿಂದೆ ಹಾಕಬೇಕಿತ್ತು.

ಗೋಡೆ ಒಳಕ್ಕೆ ಸರಿದ ಜಾಗದಲ್ಲಿ ಗುದ್ದಲಿ ಕಲ್ಲಿಗೆ ತಾಗಿತು. ಇಂಜಿನಿಯರ್ ಕೈಯೆತ್ತಿ ನಿಲ್ಲಿಸಿ, ತಾನೇ ಕೂತು ಕರಣೆಯಿಂದ ಮಣ್ಣು ಕೆರೆದ. ಒಂದರ ಪಕ್ಕ ಒಂದು ನಿಲ್ಲಿಸಿದ ಚಪ್ಪಟೆ ಕಲ್ಲುಗಳು, ನಾಲ್ಕು ಕಡೆಯೂ ಅಂಚು ಕಟ್ಟಿ ಮಾಡಿದ ಒಂದು ಮಡಿ. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಹೊರಗೆ ಬಂತು. ಅದರ ಉದ್ದ ಹನ್ನೊಂದು ಅಡಿ. ಕೊಟ್ಟಿಗೆಯ ಅಡಿಪಾಯದ ಕಲ್ಲು ಆ ಅಂಚಿನವರೆಗೆ ಬಂದು, ಅದನ್ನು ತುಳಿಯದೆ ಒಂದೂವರೆ ಅಡಿ ಹಿಂದೆ ಸರಿದು, ಮಡಿಯನ್ನು ಬಳಸಿಕೊಂಡು ಮುಂದೆ ಹೋಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಹಿತ್ತಲು ಇತ್ತು, ಕೊಟ್ಟಿಗೆ ಆಮೇಲೆ ಬಂದಿತ್ತು.

ಮೇಸ್ತ್ರಿ ಕುಡಿದಿರಲಿಲ್ಲ. ಅವನು ದಾರ ಹಿಡಿದು ಗೋಡೆ ನೇರ ಮಾಡುತ್ತಿದ್ದಾಗ ಯಾರೋ ಒಬ್ಬಳು ಎದುರಿಗೆ ಬಂದು ನಿಂತಿರಬೇಕು. ನನ್ನ ಮಡಿಯ ಮೇಲೆ ಒಂದು ಕಲ್ಲು ಇಡಬೇಡ ಎಂದಿರಬೇಕು. ಮನೆಯ ಯಜಮಾನ, ಮೇಸ್ತ್ರಿ, ಕಲ್ಲು ಹೊರುವವರು, ಎಲ್ಲರೂ ಆ ಮಾತು ಕೇಳಿದ್ದರು. ಒಂದು ದನದ ಜಾಗ ಹೋದರೂ ಹೋಗಲಿ ಎಂದು ಅರವತ್ತೊಂದು ಅಡಿಯ ಗೋಡೆಯನ್ನೇ ಸೊಟ್ಟ ಮಾಡಿದ್ದರು. ನಾನು ಅದನ್ನು ದೋಷ ಎಂದು ಬರೆದಿದ್ದೆ.

ಇಂಜಿನಿಯರ್ ಖುಷಿಯಿಂದ ಕುಣಿಯುವುದೊಂದು ಬಾಕಿ. ಇಂಥದ್ದು ಎಲ್ಲೂ ಸಿಕ್ಕಿಲ್ಲ ಎಂದು ಮುಖ್ಯಾಧಿಕಾರಿಗೆ ಅಲ್ಲಿಂದಲೇ ಫೋನ್ ಮಾಡಿದ. ಸಂಜೆಯೊಳಗೆ ಆದೇಶ ಬಂತು. ಜಲ್ಲಿ ತುಂಬುವುದು ರದ್ದು. ಇಡೀ ಹಿತ್ತಲು ಕಟ್ಟಡಕ್ಕಿಂತ ಹಳೆಯದು, ಹಾಗಾಗಿ ಕಪ್ಪು. ನಕ್ಷೆ ತಿದ್ದಬೇಕು, ಸುತ್ತ ಕಂಬ ನೆಟ್ಟು ಹಗ್ಗ ಕಟ್ಟಬೇಕು. ಇನ್ನು ಮುಂದೆ ಅಲ್ಲಿ ಯಾರೂ ಅಗೆಯಬಾರದು, ನೀರು ಹಾಯಿಸಬಾರದು, ಏನನ್ನೂ ನೆಡಬಾರದು. ಬಂದವರು ಹಗ್ಗದ ಆಚೆ ನಿಂತು ಕಲ್ಲು ನೋಡಬಹುದು.

ನಾನು ಬಾಯಿಬಿಟ್ಟು ಕೇಳಿದೆ, ಮಡಿ ಎಂದರೆ ನೆಡುವುದಕ್ಕೆ ಇರುವುದಲ್ಲವೇ ಎಂದು. ಇಂಜಿನಿಯರ್ ನಿಜವಾಗಿಯೂ ಮರುಗಿದ. ಬೇರು ಇಳಿದರೆ ಕಲ್ಲು ಸಡಿಲವಾಗುತ್ತದೆ ಮೇಡಂ, ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು ಎಂದ. ಗೊತ್ತಿತ್ತು.

ಒಂದು ವಾರದ ಮೇಲೆ ಹೊಸ ನಕ್ಷೆಗೆ ಅಳತೆ ತೆಗೆಯಲು ಹೋದೆ. ಹಗ್ಗ ಕಟ್ಟಿ ಆಗಿತ್ತು. ದೊಡ್ಡಮ್ಮ ಹಗ್ಗದ ಹೊರಗೆ ಒಂದು ಮಣೆ ಹಾಕಿಕೊಂಡು ಕೂತಿದ್ದಳು, ತೊಡೆಯ ಮೇಲೆ ಅದೇ ತಗಡಿನ ಡಬ್ಬಿ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಆ ಕಲ್ಲಿನ ಸಾಲನ್ನೇ ನೋಡುತ್ತಿದ್ದಳು.

“ಗೋಡೆ ಕಟ್ಟೋರು ಅವಳ ಮಾತು ಕೇಳಿದ್ರು ನೋಡು,” ಎಂದಳು.

ಯಾರ ಮಾತು ಎಂದು ನಾನು ಕೇಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಬೂದಿಯೊಳಗೆ ಬೆರಳಾಡಿಸಿದಳು. ಈ ಬೀಜ ಎರಡು ವರ್ಷ ತಡೆಯುತ್ತದೆ, ಅಷ್ಟರೊಳಗೆ ಬೆಚ್ಚಗಿನ ಮಣ್ಣಿಗೆ ಬೀಳದಿದ್ದರೆ ಆಮೇಲೆ ಮೊಳೆಯುವುದಿಲ್ಲ ಎಂದಳು. ಕುಂಡದಲ್ಲಿ ಹಾಕಿ ನೋಡಿದ್ದಳಂತೆ, ನೆರಳಿಗೆ ಬಿಳಿಚಿಕೊಂಡು ಸತ್ತವಂತೆ.

“ಕೆಂಪು ಹಚ್ಚಿದಾಗ ಇದು ಇರ್ಬಾರ್ದು ಅಂದ್ರಿ. ಈಗ ಕಪ್ಪು ಹಚ್ಚಿ ಮುಟ್ಟಬಾರ್ದು ಅಂತೀರಿ. ಬೀಜ ಹಾಕೋಕೆ ಯಾವ ಬಣ್ಣ ಹಚ್ಬೇಕು, ನೀನೇ ಹೇಳು.”

“ನನ್ನ ಹತ್ರ ಇರೋದು ಎರಡೇ, ದೊಡ್ಡಮ್ಮ.”

ಅವಳು ತಲೆಯಾಡಿಸಿ ಡಬ್ಬಿ ಮುಚ್ಚಿದಳು. ನಾನು ಹಗ್ಗ ಎತ್ತಿ ಒಳಗೆ ಹೋದೆ, ಸೊಂಟದಿಂದ ಟೇಪು ತೆಗೆದೆ. ಅಭ್ಯಾಸಬಲವೋ ಏನೋ, ದೊಡ್ಡಮ್ಮ ಇನ್ನೊಂದು ತುದಿ ಹಿಡಿಯಲು ಎದ್ದು ಬಂದಳು. ಹಗ್ಗದ ಹತ್ತಿರ ಬಂದು ನೆನಪಾಗಿ ನಿಂತಳು. ಒಳಗೆ ಬರಲು ಅನುಮತಿ ಇದ್ದದ್ದು ಇಲಾಖೆಯವರಿಗೆ ಮಾತ್ರ. ನಾನು ಟೇಪಿನ ತುದಿಯನ್ನು ಆ ಹಳೆಯ ಕಲ್ಲಿಗೆ ಸಿಕ್ಕಿಸಿ, ಒಬ್ಬಳೇ ಹನ್ನೊಂದು ಅಡಿ ಅಳೆದುಕೊಂಡೆ.